ಊರಿಗೆ ಮರಳುವ ತಾರೆಯರು: ಅಮೆರಿಕದ ಕಾಲೇಜು ಫುಟ್‌ಬಾಲ್ ಮತ್ತು ಸ್ಥಳೀಯ ರಿಕ್ರೂಟಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಾಲದಲ್ಲಿ ಮೈದಾನವನ್ನು ಆಳಿದ ಆಟಗಾರರು ವರ್ಷಗಳ ನಂತರ ತಾವು ಓದಿದ ವಿಶ್ವವಿದ್ಯಾಲಯಕ್ಕೋ ಹುಟ್ಟೂರಿನ ಪಕ್ಕದ ಕಾಲೇಜಿಗೋ ಕೋಚಿಂಗ್ ಸಿಬ್ಬಂದಿಯಾಗಿ ಮರಳುವುದು ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಈಗ ಸಾಮಾನ್ಯವಾಗಿದೆ. ಅಂಥ ಸುದ್ದಿ ಬಂದಾಗಲೆಲ್ಲ, ಸುತ್ತಲಿನ ಒಳ್ಳೆಯ ಹುಡುಗರೆಲ್ಲ ಇನ್ನು ಇಲ್ಲಿಗೇ ಬರುತ್ತಾರೆ ಎಂಬ ನಿರೀಕ್ಷೆಯೂ ಅದರ ಬೆನ್ನಿಗೇ ಹುಟ್ಟುತ್ತದೆ. ಆ ನಿರೀಕ್ಷೆಯಲ್ಲಿ ಎಷ್ಟು ಹುರುಳಿದೆ, ನಿಯಮಗಳು ಏನನ್ನುತ್ತವೆ, ಹಿಂದೆ ಹೀಗೆ ಮರಳಿದವರ ಅನುಭವ ಏನಾಗಿತ್ತು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಮತ್ತು ಎಸೆಯುವ ಅಮೆರಿಕನ್ ಆಟ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ರಿಕ್ರೂಟಿಂಗ್ ಎಂದರೇನು? ಎನ್‌ಎಫ್‌ಎಲ್‌ನ ಡ್ರಾಫ್ಟ್‌ಗೂ ಇದಕ್ಕೂ ವ್ಯತ್ಯಾಸವೇನು?

ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ ತಂಡವು ಆಟಗಾರನನ್ನು ಆರಿಸುತ್ತದೆ, ಆಟಗಾರನಿಗೆ ಅಲ್ಲಿ ಆಯ್ಕೆಯಿಲ್ಲ. ಕಾಲೇಜು ಫುಟ್‌ಬಾಲ್‌ನಲ್ಲಿ ಇದು ತಿರುವುಮುರುವು. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಹದಿನೇಳು ಹದಿನೆಂಟರ ಹುಡುಗನು ತನಗೆ ಸ್ಕಾಲರ್‌ಶಿಪ್ ಕೊಡಲು ಮುಂದೆ ಬಂದ ಹತ್ತಾರು ವಿಶ್ವವಿದ್ಯಾಲಯಗಳಲ್ಲಿ ಒಂದನ್ನು ತಾನೇ ಆರಿಸಿಕೊಳ್ಳುತ್ತಾನೆ. ಹೀಗಾಗಿ ಕೋಚ್‌ಗಳು ಹುಡುಗನನ್ನು ಹುಡುಕಿಕೊಂಡು ಅವನ ಶಾಲೆಗೆ ಹೋಗಬೇಕು, ಅವನ ಆಟ ನೋಡಬೇಕು, ಮನೆಗೆ ಹೋಗಿ ತಂದೆತಾಯಿಯರೊಡನೆ ಕುಳಿತು ಮಾತನಾಡಬೇಕು, ತಿಂಗಳುಗಟ್ಟಲೆ ಸಂಪರ್ಕ ಉಳಿಸಿಕೊಳ್ಳಬೇಕು. ಈ ಒಲಿಸಿಕೊಳ್ಳುವ ಕೆಲಸಕ್ಕೇ ರಿಕ್ರೂಟಿಂಗ್ ಎಂದು ಹೆಸರು. ಬಹುಕಾಲ ಅಗ್ರ ಸ್ತರದ ಒಂದು ತಂಡಕ್ಕೆ 85 ಸ್ಕಾಲರ್‌ಶಿಪ್‌ಗಳ ಮಿತಿಯಿತ್ತು. 2025ರಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ನಂತರ, ಅದನ್ನು ಒಪ್ಪಿಕೊಂಡ ತಂಡಗಳಲ್ಲಿ ಆ ಮಿತಿ ಹೋಗಿ ಒಟ್ಟು 105 ಆಟಗಾರರ ಮಿತಿ ಬಂದಿದೆ. ಸೂಕ್ತ ಹುಡುಗರನ್ನು ಕರೆತರುವುದೇ ಈ ಆಟದಲ್ಲಿ ಅರ್ಧ ಗೆಲುವು ಎಂದು ಕೋಚ್‌ಗಳು ನಂಬುತ್ತಾರೆ, ಆ ನಂಬಿಕೆ ತಪ್ಪಲ್ಲ.

ದೇಶದ ಯಾವ ಮೂಲೆಯಿಂದಲಾದರೂ ಆಟಗಾರರನ್ನು ತರಬಹುದಾಗಿರುವಾಗ ಸ್ಥಳೀಯ ಹುಡುಗರಿಗೆ ಇಷ್ಟು ಮಹತ್ವ ಏಕೆ?

ಪ್ರತಿಭೆ ದೇಶದ ತುಂಬ ಸಮನಾಗಿ ಹರಡಿಕೊಂಡಿಲ್ಲ ಎಂಬುದು ಮೊದಲ ಕಾರಣ. ಟೆಕ್ಸಸ್, ಫ್ಲೋರಿಡಾ, ಕ್ಯಾಲಿಫೋರ್ನಿಯಾ, ಜಾರ್ಜಿಯಾ ರಾಜ್ಯಗಳಿಂದ ಆಟಗಾರರು ದಂಡುದಂಡಾಗಿ ಬರುತ್ತಾರೆ, ಕೆಲವು ರಾಜ್ಯಗಳಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ ಸಿಗುತ್ತಾರೆ. ಫಲವತ್ತಾದ ನೆಲದ ನಡುವೆಯೇ ಇರುವ ವಿಶ್ವವಿದ್ಯಾಲಯವು ತನ್ನ ಅಂಗಳದ ಬೆಳೆಯನ್ನು ಪರರಿಗೆ ಬಿಟ್ಟುಕೊಟ್ಟರೆ ಎದುರಾಳಿಯ ಕೈಯನ್ನು ತಾನೇ ಬಲಪಡಿಸಿದಂತಾಗುತ್ತದೆ.

ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವರು ಮಯಾಮಿ ವಿಶ್ವವಿದ್ಯಾಲಯದ ಕೋಚ್ ಹೋವರ್ಡ್ ಶ್ನೆಲೆನ್‌ಬರ್ಗರ್. 1979ರಲ್ಲಿ ಅವರು ಅಲ್ಲಿಗೆ ಬಂದಾಗ ಆ ತಂಡ ದುರ್ಬಲವಾಗಿತ್ತು. ದಕ್ಷಿಣ ಫ್ಲೋರಿಡಾದ ಸುತ್ತ ಒಂದು ಬೇಲಿ ಹಾಕಿದಂತೆ ಭಾವಿಸಿ, ಅದನ್ನು "ಮಯಾಮಿ ರಾಜ್ಯ" ಎಂದು ಕರೆದು, ಅದರೊಳಗಿನ ಹುಡುಗರನ್ನು ಹೊರಗೆ ಹೋಗಲು ಬಿಡಬಾರದೆಂದು ಅವರು ನಿಶ್ಚಯಿಸಿದರು. ದೊಡ್ಡ ತಂಡಗಳು ಹೆಚ್ಚಾಗಿ ಹೋಗದಿದ್ದ ನಗರದ ಬಡ ಬಡಾವಣೆಗಳ ಶಾಲೆಗಳಿಗೂ ಹೋದರು. 1984ರ ಜನವರಿ 2ರಂದು ಆರೆಂಜ್ ಬೌಲ್ ಪಂದ್ಯದಲ್ಲಿ ಮಯಾಮಿ ತಂಡ ನೆಬ್ರಾಸ್ಕವನ್ನು 31–30ರಿಂದ ಸೋಲಿಸಿ 1983ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಇಂದಿಗೂ ಸ್ಥಳೀಯ ರಿಕ್ರೂಟಿಂಗ್ ಎಂದರೆ ಜನ ಮೊದಲು ನೆನೆಯುವುದು ಆ ಬೇಲಿಯನ್ನೇ.

ಎರಡನೆಯ ಕಾರಣ ಮನೆಮಂದಿಗೆ ಸಂಬಂಧಿಸಿದ್ದು. ಮಗ ಆಡುವುದನ್ನು ಪ್ರತಿ ಶನಿವಾರ ಕಣ್ಣಾರೆ ನೋಡಬೇಕೆಂಬ ತಾಯಿ, ವಿಮಾನದ ಟಿಕೆಟ್ ಕೊಳ್ಳಲಾಗದ ಅಜ್ಜಿ, ಇನ್ನೂ ಶಾಲೆಯಲ್ಲಿರುವ ತಮ್ಮ, ಇವರೆಲ್ಲರ ಹಂಬಲಕ್ಕೆ ಆ ಹುಡುಗನ ನಿರ್ಧಾರದಲ್ಲಿ ನಿಜವಾದ ತೂಕವಿದೆ.

ಮರಳಿ ಬಂದ ತಾರೆಗೆ ಯಾವ ಹುದ್ದೆ ಕೊಡುತ್ತಾರೆ?

ಒಂದೇ ಬಗೆಯ ಹುದ್ದೆಯಲ್ಲ. ಕೆಲವರು ನೇರವಾಗಿ ಮುಖ್ಯ ಕೋಚ್ ಆಗುತ್ತಾರೆ. ಎನ್‌ಎಫ್‌ಎಲ್‌ನ ಮಾಜಿ ತಾರೆ ಮೈಕಲ್ ವಿಕ್ 2024ರ ಡಿಸೆಂಬರ್‌ನಲ್ಲಿ ನಾರ್ಫೋಕ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದದ್ದು ಹೀಗೆ. ಕೆಲವರು ಒಂದು ಸ್ಥಾನದ ಆಟಗಾರರನ್ನು ನೋಡಿಕೊಳ್ಳುವ ಸಹಾಯಕ ಕೋಚ್ ಆಗುತ್ತಾರೆ. ಕ್ಲೆಮ್ಸನ್‌ನಲ್ಲಿ ಮಿಂಚಿ 2010ರ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿದ್ದ ಸಿ. ಜೆ. ಸ್ಪಿಲ್ಲರ್ 2021ರಲ್ಲಿ ಅದೇ ಕ್ಲೆಮ್ಸನ್‌ನಲ್ಲಿ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಕೋಚ್ ಆದರು. ಇನ್ನು ಕೆಲವರು ಏಣಿಯ ಕೆಳಗಿನ ಮೆಟ್ಟಿಲಿನಿಂದಲೇ ಹತ್ತುತ್ತಾರೆ. ಎದುರಾಳಿಯ ದಾಳಿಯನ್ನು ತಡೆಯುವ ಲೈನ್‌ಬ್ಯಾಕರ್ ಆಗಿ ಒಹಾಯೊ ಸ್ಟೇಟ್‌ನಲ್ಲಿ ಆಡಿ ದೇಶದಾದ್ಯಂತ ಹೆಸರಾಗಿದ್ದ ಜೇಮ್ಸ್ ಲಾರಿನೈಟಿಸ್ ಮೊದಲು ನಾಟರ್ ಡೇಮ್‌ನಲ್ಲಿ, ಅನಂತರ ತನ್ನ ಒಹಾಯೊ ಸ್ಟೇಟ್‌ನಲ್ಲೇ, ಓದುತ್ತಲೇ ಕೋಚ್‌ಗಳಿಗೆ ನೆರವಾಗುವ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ದುಡಿದು 2024ರಲ್ಲಿ ಪೂರ್ಣ ಪ್ರಮಾಣದ ಸಹಾಯಕ ಕೋಚ್ ಆದರು. ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ವಾರನ್ ಸ್ಯಾಪ್ ಕೂಡ 2024ರಲ್ಲಿ ಕೊಲರಾಡೊಗೆ ಬಂದದ್ದು ಗ್ರಾಜುಯೇಟ್ ಅಸಿಸ್ಟೆಂಟ್ ಆಗಿಯೇ.

ಇತ್ತೀಚೆಗೆ ಸೇರಿಕೊಂಡ ಹುದ್ದೆ ಜನರಲ್ ಮ್ಯಾನೇಜರ್. ತಂಡದ ಹಣಕಾಸು, ಆಟಗಾರರ ಪಟ್ಟಿ, ಒಪ್ಪಂದಗಳು ಈ ವ್ಯಕ್ತಿಯ ಕೈಯಲ್ಲಿರುತ್ತವೆ. ಚೆಂಡೆಸೆದು ತಂಡದ ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿ ಸ್ಟ್ಯಾನ್‌ಫರ್ಡ್‌ನಲ್ಲಿ ಆಡಿ 2012ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾಗಿದ್ದ ಆಂಡ್ರೂ ಲಕ್ 2024ರ ನವೆಂಬರ್‌ನಲ್ಲಿ ತನ್ನ ವಿಶ್ವವಿದ್ಯಾಲಯಕ್ಕೆ ಮರಳಿದ್ದು ಇದೇ ಹುದ್ದೆಗೆ. ಮುಖ್ಯ ಕೋಚ್ ಯಾರಾಗಬೇಕೆಂಬುದರಲ್ಲೂ ಅಲ್ಲಿ ಅವರದೇ ಮಾತು ನಡೆಯುತ್ತದೆ.

ಸಿಬ್ಬಂದಿಗೆ ಸೇರಿದ ಮೇಲೆ ಯಾರು ಬೇಕಾದರೂ ಹೈಸ್ಕೂಲುಗಳಿಗೆ ಹೋಗಿ ಹುಡುಗರನ್ನು ಒಲಿಸಬಹುದೇ?

ಇಲ್ಲ. ಹೆಚ್ಚಿನ ಗೊಂದಲ ಇರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ ಅಗ್ರ ಸ್ತರದ ಫುಟ್‌ಬಾಲ್ ತಂಡದಲ್ಲಿ ಮುಖ್ಯ ಕೋಚ್ ಮತ್ತು ಹತ್ತು ಮಂದಿ ಸಹಾಯಕ ಕೋಚ್‌ಗಳು ಮಾತ್ರ ಕ್ಯಾಂಪಸ್ಸಿನ ಹೊರಗೆ ಹೋಗಿ ರಿಕ್ರೂಟ್ ಮಾಡಬಹುದು. ಸಹಾಯಕರ ಸಂಖ್ಯೆ ಒಂಬತ್ತರಿಂದ ಹತ್ತಕ್ಕೆ ಏರಿದ್ದು 2018ರ ಜನವರಿಯಲ್ಲಿ. ಹೊರಗೆ ಹೋಗುವವರು ಮೊದಲು ರಿಕ್ರೂಟಿಂಗ್ ನಿಯಮಗಳ ಪರೀಕ್ಷೆಯಲ್ಲೂ ಪಾಸಾಗಿರಬೇಕು. ವಿಶ್ಲೇಷಕರು, ಗುಣಮಟ್ಟ ಪರಿಶೀಲಕರು, ಆಟಗಾರರ ಅಭಿವೃದ್ಧಿಯ ನಿರ್ದೇಶಕರು ಮುಂತಾದ ಹತ್ತಾರು ಹುದ್ದೆಗಳಿಗೆ ಈ ಅವಕಾಶವಿಲ್ಲ. 2024ರ ಜೂನ್‌ನಲ್ಲಿ ನಿಯಮ ಬದಲಾಗಿ ಸಿಬ್ಬಂದಿಯ ಎಲ್ಲರೂ ಅಭ್ಯಾಸ ಮತ್ತು ಪಂದ್ಯಗಳ ವೇಳೆ ಆಟಗಾರರಿಗೆ ತಾಂತ್ರಿಕ ಸಲಹೆ ಕೊಡಬಹುದೆಂದಾಯಿತು, ಆದರೆ ಹೊರಗೆ ಹೋಗುವವರ ಮಿತಿ ಹಾಗೆಯೇ ಉಳಿಯಿತು.

ಹೀಗಾಗಿ ಮಾಜಿ ತಾರೆಯೊಬ್ಬರು ವಿಶ್ಲೇಷಕರಾಗಿ ಸೇರಿದರೆಂಬ ಸುದ್ದಿ ಓದಿದಾಗ, ಅವರು ನಾಳೆಯೇ ಪಕ್ಕದ ಊರಿನ ಶಾಲೆಯ ಅಂಗಳದಲ್ಲಿ ನಿಂತಿರುತ್ತಾರೆಂದು ತಿಳಿಯಬಾರದು. ಹುಡುಗನು ಕುಟುಂಬದೊಡನೆ ಕ್ಯಾಂಪಸ್ಸಿಗೆ ಬಂದಾಗ ಅವರು ಭೇಟಿಯಾಗಬಹುದು, ತಂಡದ ಕೊಠಡಿಗಳನ್ನು ತೋರಿಸಬಹುದು, ತಮ್ಮ ಅನುಭವ ಹೇಳಬಹುದು. ಅದು ಕಡಿಮೆ ಕೆಲಸವೇನಲ್ಲ. ಆದರೆ ಹುಡುಗನ ಮನೆಯ ಬಾಗಿಲು ತಟ್ಟುವ ಕೆಲಸ ಬೇರೆಯವರದು. ಹತ್ತು ಸ್ಥಾನಗಳಲ್ಲಿ ಒಂದನ್ನು ಬರಿಯ ಹೆಸರಿಗಾಗಿ ಕೊಟ್ಟರೆ ದುಡಿಯಬಲ್ಲ ಒಬ್ಬ ರಿಕ್ರೂಟರ್‌ನನ್ನು ಕಳೆದುಕೊಂಡಂತೆ ಎಂಬುದು ಪ್ರತಿ ಮುಖ್ಯ ಕೋಚ್‌ಗೂ ಗೊತ್ತು.

ಹುದ್ದೆ ಇಲ್ಲದೆ, ಹಳೆಯ ವಿದ್ಯಾರ್ಥಿಯಾಗಿಯೇ ಅವರು ಸಹಾಯ ಮಾಡಬಾರದೇ?

ಎನ್‌ಸಿಎಎ ಕಣ್ಣಿನಲ್ಲಿ ಅವರು ಆಗ ವಿಶ್ವವಿದ್ಯಾಲಯದ ಹಿತಾಸಕ್ತಿಯ ಪ್ರತಿನಿಧಿ, ರೂಢಿಯ ಮಾತಿನಲ್ಲಿ ಬೂಸ್ಟರ್. ಬೂಸ್ಟರ್‌ಗಳು ಹುಡುಗರನ್ನು ಸಂಪರ್ಕಿಸಿ ಒಲಿಸುವುದನ್ನು ನಿಯಮಗಳು ಬಹುಕಾಲದಿಂದ ತಡೆದಿವೆ. ಸಿಬ್ಬಂದಿಯ ಪಟ್ಟಿಯಲ್ಲಿ ಹೆಸರು ಸೇರಿದಾಗ ಮಾತ್ರ ಆ ಅಡ್ಡಿ ಸಡಿಲವಾಗುತ್ತದೆ.

ತಾರೆಯ ಹೆಸರಿನಿಂದ ನಿಜಕ್ಕೂ ಸಿಗುವ ಲಾಭ ಯಾವುದು?

ಮೊದಲ ಲಾಭ ಬಾಗಿಲು ತೆರೆಯುವುದು. ಆದರೆ ಅದನ್ನು ತೆರೆಯುವವರು ಯಾರು ಎಂಬುದನ್ನು ಗಮನಿಸಬೇಕು. ಇಂದು ಹದಿನೇಳು ವರ್ಷದ ಹುಡುಗನು ಮೈಕಲ್ ವಿಕ್ ಕಾಲೇಜಿನಲ್ಲಿ ಆಡಿದ್ದನ್ನು ಕಂಡಿಲ್ಲ. ವಿಕ್ ವರ್ಜೀನಿಯಾ ಟೆಕ್ ತಂಡವನ್ನು ರಾಷ್ಟ್ರೀಯ ಅಂತಿಮ ಪಂದ್ಯಕ್ಕೆ ಒಯ್ದದ್ದು 2000ದ ಜನವರಿಯಲ್ಲಿ, ಆ ಹುಡುಗ ಹುಟ್ಟುವ ಎಷ್ಟೋ ವರ್ಷ ಮೊದಲು. ಅದನ್ನು ಕಂಡವರು ಅವನ ಅಪ್ಪ, ಮಾವ ಮತ್ತು ಹೈಸ್ಕೂಲಿನ ಕೋಚ್. ತಾರೆಯ ಹೆಸರು ಕೆಲಸ ಮಾಡುವುದು ಹುಡುಗನಿಗಿಂತ ಹೆಚ್ಚಾಗಿ ಮನೆಯ ಹಿರಿಯರ ಮೇಲೆ. ಈ ಸೂಕ್ಷ್ಮವನ್ನು ಅರಿತ ಕೋಚ್‌ಗಳು ತಾರೆಯನ್ನು ಹುಡುಗನ ಮುಂದೆ ಮೆರೆಸುವ ಬದಲು ಅಪ್ಪನ ಪಕ್ಕದಲ್ಲಿ ಕೂರಿಸುತ್ತಾರೆ.

ಎರಡನೆಯದು, ನಾನು ಹೆಚ್ಚು ಬೆಲೆ ಕೊಡುವುದು, ಕಸುಬಿನ ನಂಬಿಕೆ. ಎನ್‌ಎಫ್‌ಎಲ್‌ನಲ್ಲಿ ಆಡಬೇಕೆಂಬ ಹುಡುಗನಿಗೆ ಅಲ್ಲಿ ಆಡಿ ಬಂದವನು ಹೇಳುವ ಮಾತು ಪುಸ್ತಕದ ಮಾತಲ್ಲ. ಇದಕ್ಕೆ ಬ್ರಯನ್ ಹಾರ್ಟ್‌ಲೈನ್‌ಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಒಹಾಯೊದ ಕ್ಯಾಂಟನ್ ಊರಿನವರಾದ ಅವರು ಒಹಾಯೊ ಸ್ಟೇಟ್‌ನಲ್ಲಿ ಎಸೆದ ಚೆಂಡನ್ನು ಹಿಡಿದು ಓಡುವ ರಿಸೀವರ್ ಆಗಿ ಆಡಿ, ಎನ್‌ಎಫ್‌ಎಲ್‌ನ ಮಯಾಮಿ ಡಾಲ್ಫಿನ್ಸ್ ಪರವಾಗಿ ಸತತ ಎರಡು ಋತುಗಳಲ್ಲಿ ಸಾವಿರ ಗಜ ದಾಟಿ, 2017ರಲ್ಲಿ ಕೆಳಹಂತದ ಹುದ್ದೆಗೆ ತನ್ನ ವಿಶ್ವವಿದ್ಯಾಲಯಕ್ಕೆ ಮರಳಿ, ಮರುವರ್ಷ ರಿಸೀವರ್‌ಗಳ ಕೋಚ್ ಆದರು. ಆದರೆ ಅವರ ಕೈಕೆಳಗೆ ಬೆಳೆದ ಮುಖ್ಯ ಹುಡುಗರ ಊರುಗಳನ್ನು ನೋಡಿ: ಮಾರ್ವಿನ್ ಹ್ಯಾರಿಸನ್ ಜೂನಿಯರ್ ಫಿಲಡೆಲ್ಫಿಯಾದವರು, ಜ್ಯಾಕ್ಸನ್ ಸ್ಮಿತ್-ಎನ್‌ಜಿಗ್ಬಾ ಟೆಕ್ಸಸ್‌ನವರು, ಎಮೆಕಾ ಎಗ್ಬುಕಾ ವಾಷಿಂಗ್ಟನ್ ರಾಜ್ಯದವರು, ಜೆರೆಮಾಯಾ ಸ್ಮಿತ್ ದಕ್ಷಿಣ ಫ್ಲೋರಿಡಾದವರು. ಒಬ್ಬರೂ ಒಹಾಯೊದವರಲ್ಲ. ಶ್ನೆಲೆನ್‌ಬರ್ಗರ್ ಹಾಕಿದ ಬೇಲಿಯೊಳಗಿನ ಹುಡುಗನನ್ನೇ ಕ್ಯಾಂಟನ್ನಿನ ಕೋಚ್ ಹೊರಗೆ ಕರೆದೊಯ್ದರು. ತಮ್ಮ ಸ್ಥಾನದ ಆಟಗಾರರನ್ನು ಡ್ರಾಫ್ಟ್‌ನ ಮೊದಲ ಸುತ್ತಿಗೆ ಮುಟ್ಟಿಸಿದ ದಾಖಲೆ ಕೈಯಲ್ಲಿದ್ದರೆ ಊರಿನ ಗಡಿ ದೊಡ್ಡ ಅಡ್ಡಿಯಾಗುವುದಿಲ್ಲ. ತನ್ನ ಹುಡುಗರನ್ನು ಊರಿನಲ್ಲೇ ಉಳಿಸಿಕೊಳ್ಳಬೇಕೆಂಬ ತಂಡವೂ ಊರಿನ ಅಭಿಮಾನವೊಂದನ್ನೇ ನಂಬದೆ ಇದೇ ಬಗೆಯ ದಾಖಲೆಯನ್ನು ಮುಂದಿಡಬೇಕಾಗುತ್ತದೆ.

ತಾನು ಓದಿದ ವಿಶ್ವವಿದ್ಯಾಲಯದ ತಾರೆ, ಊರಿನ ತಾರೆ: ಇಬ್ಬರಲ್ಲಿ ಯಾರು ಹೆಚ್ಚು ಉಪಯುಕ್ತ?

ಇವೆರಡೂ ಒಂದೇ ಎಂದು ಹೆಚ್ಚಿನವರು ಭಾವಿಸುತ್ತಾರೆ. ಮಯಾಮಿಯಲ್ಲಿ ಎರಡೂ ಬಗೆಯವರನ್ನು ಕಾಣಬಹುದು. 2021ರ ಡಿಸೆಂಬರ್‌ನಲ್ಲಿ ಮುಖ್ಯ ಕೋಚ್ ಆಗಿ ಬಂದ ಮಾರಿಯೊ ಕ್ರಿಸ್ಟೋಬಲ್ ಅದೇ ನಗರದ ಕ್ರಿಸ್ಟೋಫರ್ ಕೊಲಂಬಸ್ ಹೈಸ್ಕೂಲಿನಲ್ಲಿ ಓದಿ, ಮಯಾಮಿ ತಂಡದಲ್ಲೇ ಆಡಿ ಎರಡು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಮರುವರ್ಷ 1983ರ ತಂಡದ ಫುಲ್‌ಬ್ಯಾಕ್ ಅಲಾಂಜೊ ಹೈಸ್ಮಿತ್ ಜನರಲ್ ಮ್ಯಾನೇಜರ್ ಆಗಿ ಬಂದರು. ಇವರು ವಿಶ್ವವಿದ್ಯಾಲಯದ ಮಕ್ಕಳು.

ಅದೇ ಸಮಯದಲ್ಲಿ ಬಂದ ಜೇಸನ್ ಟೇಲರ್ ಮಾತ್ರ ಮಯಾಮಿಯಲ್ಲಿ ಓದಿದವರಲ್ಲ. ಅವರು ಹುಟ್ಟಿ ಬೆಳೆದದ್ದು ಪಿಟ್ಸ್‌ಬರ್ಗ್ ಕಡೆ, ಓದಿದ್ದು ಆಕ್ರಾನ್‌ನಲ್ಲಿ. ಆದರೆ ಡಾಲ್ಫಿನ್ಸ್ ತಂಡದಲ್ಲಿ ವರ್ಷಗಟ್ಟಲೆ ಆಡಿ, 2017ರಲ್ಲಿ ಹಾಲ್ ಆಫ್ ಫೇಮ್ ಸೇರಿ, ಅದೇ ಸೀಮೆಯಲ್ಲಿ ನೆಲೆಸಿ, ಫೋರ್ಟ್ ಲಾಡರ್‌ಡೇಲ್‌ನ ಸೇಂಟ್ ಥಾಮಸ್ ಅಕ್ವೈನಸ್ ಹೈಸ್ಕೂಲಿನಲ್ಲಿ ಹುಡುಗರಿಗೆ ಆಟ ಕಲಿಸುತ್ತಿದ್ದರು. 2022ರಲ್ಲಿ ವಿಶ್ಲೇಷಕರಾಗಿ ಸೇರಿ 2023ರಲ್ಲಿ, ರಕ್ಷಣಾ ಸಾಲಿನ ಅಂಚಿನಲ್ಲಿ ಆಡುವ ಡಿಫೆನ್ಸಿವ್ ಎಂಡ್‌ಗಳ ಕೋಚ್ ಆದರು. ಮಯಾಮಿ ಸೆಂಟ್ರಲ್ ಹೈಸ್ಕೂಲಿನ ರೂಬೆನ್ ಬೇನ್ ಜೂನಿಯರ್ ಆ ವರ್ಷವೇ ತಂಡ ಸೇರಿ ತಮ್ಮ ಕಾನ್ಫರೆನ್ಸಿನ, ಅಂದರೆ ಪರಸ್ಪರ ಸೆಣಸುವ ವಿಶ್ವವಿದ್ಯಾಲಯಗಳ ಗುಂಪಿನ, ಶ್ರೇಷ್ಠ ಹೊಸ ಡಿಫೆನ್ಸ್ ಆಟಗಾರನೆಂಬ ಗೌರವ ಪಡೆದರು. ಹೀಗಿದ್ದೂ ಟೇಲರ್ ಅವರ ಸ್ವಂತ ಮಗ ಮೇಸನ್ ಕಾಲೇಜು ಫುಟ್‌ಬಾಲ್ ಆಡಿದ್ದು ಎಲ್‌ಎಸ್‌ಯು ಎನ್ನುವ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಊರಿನ ನಂಟು ಎಷ್ಟೇ ಗಟ್ಟಿಯಾಗಿದ್ದರೂ ಹುಡುಗನ ಆಯ್ಕೆ ಹುಡುಗನದೇ.

ನನ್ನ ಅಭಿಪ್ರಾಯದಲ್ಲಿ ಟೇಲರ್‌ಗೆ ಬಲ ಕೊಟ್ಟದ್ದು ಹಾಲ್ ಆಫ್ ಫೇಮ್‌ಗಿಂತ ಆ ಹೈಸ್ಕೂಲಿನ ವರ್ಷಗಳು. ಆ ಸೀಮೆಯ ಕೋಚ್‌ಗಳಿಗೆ ಅವರು ಬರಿಯ ಹೆಸರಾಗಿ ಉಳಿಯದೆ, ಪಕ್ಕದ ಶಾಲೆಯಲ್ಲಿ ತಮ್ಮ ಹಾಗೆಯೇ ಬೆವರು ಸುರಿಸಿದ ಜೊತೆಗಾರನಾಗಿ ಪರಿಚಯವಾಗಿದ್ದರು.

ಡಿಯಾನ್ ಸ್ಯಾಂಡರ್ಸ್ ಅವರ ಉದಾಹರಣೆ ಸ್ಥಳೀಯ ರಿಕ್ರೂಟಿಂಗ್‌ಗೆ ಅನ್ವಯಿಸುತ್ತದೆಯೇ?

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಬರುತ್ತದೆ. ಎನ್‌ಎಫ್‌ಎಲ್‌ನ ಮಾಜಿ ತಾರೆ ಡಿಯಾನ್ ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನವರು, ಫ್ಲೋರಿಡಾ ಸ್ಟೇಟ್‌ನ ಆಟಗಾರ. ಅವರು 2020ರ ಸೆಪ್ಟೆಂಬರ್‌ನಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್ ಸ್ಟೇಟ್‌ಗೆ ಮುಖ್ಯ ಕೋಚ್ ಆದಾಗ ಅವರಿಗೆ ಆ ಊರಿನೊಡನೆ ಹಳೆಯ ನಂಟೇನೂ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ದೇಶದ ಅಗ್ರ ಹೈಸ್ಕೂಲು ಆಟಗಾರನೆಂದು ಪರಿಗಣಿತನಾಗಿದ್ದ ಟ್ರಾವಿಸ್ ಹಂಟರ್ ಫ್ಲೋರಿಡಾ ಸ್ಟೇಟ್‌ಗೆ ಕೊಟ್ಟಿದ್ದ ಮಾತನ್ನು ಬಿಟ್ಟು ಎರಡನೇ ಸ್ತರದ ಜ್ಯಾಕ್ಸನ್ ಸ್ಟೇಟ್ ಸೇರಿದ್ದು ಇಡೀ ದೇಶವನ್ನು ಬೆರಗುಗೊಳಿಸಿತು. ಆದರೆ ಹಂಟರ್ ಬಂದದ್ದು ಜಾರ್ಜಿಯಾದ ಹೈಸ್ಕೂಲಿನಿಂದ. ಡಿಯಾನ್ ಮೂರು ಋತುಗಳಲ್ಲಿ 27 ಪಂದ್ಯ ಗೆದ್ದು 6ರಲ್ಲಿ ಮಾತ್ರ ಸೋತು, 2022ರ ಡಿಸೆಂಬರ್‌ನಲ್ಲಿ ಕೊಲರಾಡೊಗೆ ಹೋದರು. ಹಂಟರ್ ಕೂಡ ಅವರ ಹಿಂದೆಯೇ ಹೋಗಿ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 2024ರಲ್ಲಿ ಗೆದ್ದರು. ಕೊಲರಾಡೊದಲ್ಲಿ ಡಿಯಾನ್ ತಂಡ ಕಟ್ಟಿದ್ದು ಹೆಚ್ಚಾಗಿ ಬೇರೆ ವಿಶ್ವವಿದ್ಯಾಲಯಗಳಿಂದ ವರ್ಗವಾಗಿ ಬಂದ ಆಟಗಾರರಿಂದ. ಇದು ವ್ಯಕ್ತಿಯೊಬ್ಬರ ಆಕರ್ಷಣೆಯ ಕಥೆ, ಅದಕ್ಕೂ ನೆಲಕ್ಕೂ ಸಂಬಂಧ ಕಡಿಮೆ.

ನೆಲದ ಕಥೆ ಬೇಕಿದ್ದರೆ ಅವರ ನಂತರ ಅದೇ ಜ್ಯಾಕ್ಸನ್ ಸ್ಟೇಟ್‌ಗೆ ಬಂದ ಟಿ. ಸಿ. ಟೇಲರ್ ಅವರನ್ನು ನೋಡಬೇಕು. ಮಿಸಿಸಿಪ್ಪಿಯ ಮೆಕೂಂಬ್ ಊರಿನವರು, ಜ್ಯಾಕ್ಸನ್ ಸ್ಟೇಟ್‌ನಲ್ಲೇ ಆಡಿದವರು, ಡಿಯಾನ್ ಕೈಕೆಳಗೆ ಸಹಾಯಕರಾಗಿ ದುಡಿದವರು. ಡಿಯಾನ್ ಹೋದಾಗ ಕ್ಯಾಮೆರಾಗಳೂ ಹಲವು ಆಟಗಾರರೂ ಅವರ ಜೊತೆಗೇ ಹೋದರು. ಉಳಿದದ್ದನ್ನು ಕೂಡಿಸಿಕೊಂಡು ಟೇಲರ್ ಎರಡೇ ವರ್ಷಗಳಲ್ಲಿ ಕಾನ್ಫರೆನ್ಸ್ ಗೆದ್ದು, 2024ರ ಡಿಸೆಂಬರ್‌ನಲ್ಲಿ, ಕಪ್ಪು ಜನಾಂಗದವರ ಚಾರಿತ್ರಿಕ ವಿಶ್ವವಿದ್ಯಾಲಯಗಳ ವರ್ಷಾಂತ್ಯದ ಸೆಲೆಬ್ರೇಶನ್ ಬೌಲ್ ಪಂದ್ಯದಲ್ಲಿ ಸೌತ್ ಕ್ಯಾರೊಲಿನಾ ಸ್ಟೇಟ್ ತಂಡವನ್ನು 28–7ರಿಂದ ಸೋಲಿಸಿದರು. ಡಿಯಾನ್ ಎರಡು ಬಾರಿ ಪ್ರಯತ್ನಿಸಿ ಎರಡು ಬಾರಿಯೂ ಸೋತಿದ್ದ ಪಂದ್ಯವದು. ಡಿಯಾನ್ ಆ ತಂಡಕ್ಕೆ ತಂದ ಹೆಸರು ಸಣ್ಣದಲ್ಲ, ಅದನ್ನು ಒಪ್ಪಲೇಬೇಕು. ಆದರೂ ಸ್ಥಳೀಯ ರಿಕ್ರೂಟಿಂಗ್ ಬಗ್ಗೆ ಮಾತನಾಡುವಾಗ ಡಿಯಾನ್ ಹೆಸರು ನೂರು ಸಲ ಬಂದು ಟೇಲರ್ ಹೆಸರು ಒಮ್ಮೆಯೂ ಬರದಿರುವುದು ನನಗೆ ಸರಿಯೆನಿಸುವುದಿಲ್ಲ.

ಕಪ್ಪು ಜನಾಂಗದವರ ಚಾರಿತ್ರಿಕ ವಿಶ್ವವಿದ್ಯಾಲಯಗಳೇ ತಾರೆಯರನ್ನು ಹೆಚ್ಚಾಗಿ ಕರೆಯುವುದೇಕೆ?

ಎಚ್‌ಬಿಸಿಯು ಎಂದು ಕರೆಯಲಾಗುವ ಈ ವಿಶ್ವವಿದ್ಯಾಲಯಗಳಿಗೆ ಒಂದು ಕಾಲದಲ್ಲಿ ರಿಕ್ರೂಟಿಂಗ್ ಕಷ್ಟವೇ ಆಗಿರಲಿಲ್ಲ. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಕಪ್ಪು ಆಟಗಾರರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅಲಬಾಮಾ ವಿಶ್ವವಿದ್ಯಾಲಯ ಫುಟ್‌ಬಾಲ್ ಸ್ಕಾಲರ್‌ಶಿಪ್ ಕೊಟ್ಟ ಮೊದಲ ಕಪ್ಪು ಆಟಗಾರ ವಿಲ್ಬರ್ ಜ್ಯಾಕ್ಸನ್ ಅಲ್ಲಿಗೆ ಬಂದದ್ದು 1970ರಲ್ಲಿ. ಆವರೆಗೆ ಊರಿನ ಶ್ರೇಷ್ಠ ಹುಡುಗರು ಗ್ರ್ಯಾಂಬ್ಲಿಂಗ್, ಜ್ಯಾಕ್ಸನ್ ಸ್ಟೇಟ್ ಮುಂತಾದ ಕಡೆಗೇ ಹೋಗುತ್ತಿದ್ದರು. ಗ್ರ್ಯಾಂಬ್ಲಿಂಗ್‌ನಲ್ಲಿ 1941ರಿಂದ 1997ರವರೆಗೆ ಇದ್ದ ಎಡ್ಡಿ ರಾಬಿನ್ಸನ್ 408 ಪಂದ್ಯಗಳನ್ನು ಗೆದ್ದರು. ಬಾಗಿಲುಗಳು ತೆರೆದದ್ದು ನ್ಯಾಯವೇ ಆಗಿತ್ತು, ಆದರೆ ಹಣ ಮತ್ತು ಕ್ರೀಡಾಂಗಣಗಳ ಪೈಪೋಟಿಯಲ್ಲಿ ಈ ಸಂಸ್ಥೆಗಳು ಹಿಂದೆ ಬಿದ್ದವು. ಹಣದಿಂದ ಕೊಳ್ಳಲಾಗದ ಗಮನವನ್ನು ಒಂದು ಹೆಸರಿನಿಂದ ಪಡೆಯುವ ಪ್ರಯತ್ನ ಅಲ್ಲಿಂದ ಹುಟ್ಟಿತು.

ಅದು ಹೊಸತೂ ಅಲ್ಲ. ರಾಬಿನ್ಸನ್ ನಿವೃತ್ತರಾದಾಗ ಗ್ರ್ಯಾಂಬ್ಲಿಂಗ್‌ಗೆ 1998ರಲ್ಲಿ ಮರಳಿದವರು ಅವರದೇ ಶಿಷ್ಯ, ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನೆನಿಸಿದ್ದ ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್. ಲೂಸಿಯಾನದ ಜ್ಯಾಕರಿಯವರಾದ ಅವರು 2000ದಿಂದ 2002ರವರೆಗೆ ಸತತ ಮೂರು ಬಾರಿ ಕಾನ್ಫರೆನ್ಸ್ ಗೆದ್ದರು. 2011ರಲ್ಲಿ ಮತ್ತೆ ಬಂದಾಗ ಕಥೆ ಬೇರೆಯಾಯಿತು. 2013ರ ಸೆಪ್ಟೆಂಬರ್‌ನಲ್ಲಿ ಅವರನ್ನು ತೆಗೆದುಹಾಕಲಾಯಿತು, ಮರುತಿಂಗಳು ಸೌಕರ್ಯಗಳ ದುಃಸ್ಥಿತಿಯನ್ನು ಪ್ರತಿಭಟಿಸಿ ಆಟಗಾರರು ಒಂದು ಪಂದ್ಯವನ್ನೇ ಆಡಲಿಲ್ಲ. ಅಭ್ಯಾಸದ ಕೊಠಡಿಯ ನೆಲ ಕಿತ್ತುಹೋಗಿದ್ದರೆ ತಾರೆಯ ಹೆಸರು ಅದನ್ನು ಮುಚ್ಚಲಾರದು.

ಈಗಿನ ಸಾಲಿನಲ್ಲಿ ಸ್ಥಳೀಯ ನಂಟು ಅತ್ಯಂತ ಗಟ್ಟಿಯಾಗಿರುವುದು ವಿಕ್ ಅವರದು. ಅವರ ಹುಟ್ಟೂರು ನ್ಯೂಪೋರ್ಟ್ ನ್ಯೂಸ್, ನಾರ್ಫೋಕ್ ಅದರ ನೆರೆಯ ನಗರ. ಹ್ಯಾಂಪ್ಟನ್ ರೋಡ್ಸ್ ಎಂಬ ಆ ಕಡಲಂಚಿನ ಸೀಮೆಯನ್ನು ಅಲ್ಲಿಯವರು ಅದರ ದೂರವಾಣಿ ಸಂಖ್ಯೆಯಿಂದ 757 ಎಂದೇ ಕರೆಯುತ್ತಾರೆ. ಬ್ರೂಸ್ ಸ್ಮಿತ್, ಕ್ಯಾಮ್ ಚಾನ್ಸಲರ್, ಟೈರಾಡ್ ಟೇಲರ್ ಹುಟ್ಟಿದ್ದು ಅಲ್ಲಿಯೇ. ಆದರೆ ಆ ಮೂವರೂ, ವಿಕ್ ಕೂಡ, ಆಡಲು ಹೋದದ್ದು ರಾಜ್ಯದ ಇನ್ನೊಂದು ತುದಿಯ ವರ್ಜೀನಿಯಾ ಟೆಕ್‌ಗೆ. ನಾಯಿ ಕಾಳಗದ ಪ್ರಕರಣದಲ್ಲಿ 2007ರಲ್ಲಿ ಶಿಕ್ಷೆಗೊಳಗಾಗಿ ಸೆರೆಮನೆ ಕಂಡ ವಿಕ್ ಅವರ ಬದುಕನ್ನು ಆ ಸೀಮೆಯ ಕುಟುಂಬಗಳು ಹೊರಗಿನವರಿಗಿಂತ ಹತ್ತಿರದಿಂದ ಬಲ್ಲವು. ಬಿದ್ದು ಎದ್ದವನ ಮಾತಿಗೆ ಅಲ್ಲಿ ಬೇರೆಯದೇ ಬೆಲೆ ಇದೆಯೆಂದು ನಾನು ನಂಬುತ್ತೇನೆ. ಅಲ್ಲಿನ ಅಗ್ರ ಹುಡುಗರು ನಾರ್ಫೋಕ್ ಸ್ಟೇಟ್‌ಗೆ ಬರಬೇಕಾದರೆ ವರ್ಷಗಳೇ ಬೇಕಾಗಬಹುದು, ಎರಡನೆಯ ಸಾಲಿನ ಹುಡುಗರು ಮಾತ್ರ ಬೇಗ ಬರಬಲ್ಲರು.

ಊರಿನ ಮಗನೇ ಬಂದರೂ ಕೆಲಸ ಕೆಟ್ಟದ್ದುಂಟೇ?

ಉಂಟು. ನೆಬ್ರಾಸ್ಕದ ವುಡ್ ರಿವರ್ ಎಂಬ ಸಣ್ಣ ಊರಿನ ಸ್ಕಾಟ್ ಫ್ರಾಸ್ಟ್ 1997ರಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ನೆಬ್ರಾಸ್ಕ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿಯ ಪಾಲು ತಂದುಕೊಟ್ಟವರು. ಸೆಂಟ್ರಲ್ ಫ್ಲೋರಿಡಾ ತಂಡವನ್ನು 2017ರಲ್ಲಿ ಒಂದೂ ಸೋಲಿಲ್ಲದೆ ನಡೆಸಿ, ಅದೇ ವರ್ಷ ತವರಿಗೆ ಮುಖ್ಯ ಕೋಚ್ ಆಗಿ ಮರಳಿದಾಗ ಇಡೀ ರಾಜ್ಯ ಸಂಭ್ರಮಿಸಿತು. ಐದನೆಯ ಋತುವಿನ ಆರಂಭದಲ್ಲೇ, 2022ರ ಸೆಪ್ಟೆಂಬರ್‌ನಲ್ಲಿ, 16 ಗೆಲುವು ಮತ್ತು 31 ಸೋಲುಗಳ ಲೆಕ್ಕದೊಡನೆ ಅವರನ್ನು ತೆಗೆಯಲಾಯಿತು. ಊರಿನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ನೆಬ್ರಾಸ್ಕ ರಾಜ್ಯದಲ್ಲಿ ಅಗ್ರ ದರ್ಜೆಯ ಹುಡುಗರು ಸಿಗುವುದೇ ಕಡಿಮೆ; ಅಲ್ಲಿ ದೂರದ ರಾಜ್ಯಗಳಿಂದ ತರಬಲ್ಲವರು ಬೇಕು. ಸ್ಥಳೀಯ ತಾರೆಯಿಂದ ಎಷ್ಟು ಲಾಭವಾದೀತು ಎಂಬುದು ಆ ಸ್ಥಳದ ಸುಗ್ಗಿ ಎಷ್ಟೆಂಬುದರ ಮೇಲೆಯೂ ನಿಂತಿದೆ.

ತಾರೆಯಾಗದವರು ಇದಕ್ಕಿಂತ ಚೆನ್ನಾಗಿ ರಿಕ್ರೂಟ್ ಮಾಡುವುದಿಲ್ಲವೇ?

ಎಷ್ಟೋ ಕಡೆ ಮಾಡುತ್ತಾರೆ. ನ್ಯೂ ಆರ್ಲಿಯನ್ಸ್‌ನ ಫ್ರ್ಯಾಂಕ್ ವಿಲ್ಸನ್ ಎನ್‌ಎಫ್‌ಎಲ್ ತಾರೆಯಲ್ಲ, ಆ ನಗರದ ಹೈಸ್ಕೂಲಿನಲ್ಲಿ ಕೋಚ್ ಆಗಿದ್ದವರು. ಎಲ್‌ಎಸ್‌ಯುಗೆ ಆ ನಗರದಿಂದ ಹುಡುಗರನ್ನು ತರುವುದರಲ್ಲಿ ಅವರಷ್ಟು ಹೆಸರು ಪಡೆದವರು ವಿರಳ. ಮಿಶಿಗನ್‌ನ ರಾನ್ ಬೆಲ್ಲಮಿ ಇನ್ನೊಂದು ಬಗೆ. ಅವರು ಮೂಲತಃ ಲೂಸಿಯಾನದವರು, ಮಿಶಿಗನ್‌ನಲ್ಲಿ ರಿಸೀವರ್ ಆಗಿ ಆಡಿ, ಡೆಟ್ರಾಯಿಟ್ ಬಳಿಯ ವೆಸ್ಟ್ ಬ್ಲೂಮ್‌ಫೀಲ್ಡ್ ಹೈಸ್ಕೂಲಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮುಖ್ಯ ಕೋಚ್ ಆಗಿದ್ದು, ರಾಜ್ಯ ಪ್ರಶಸ್ತಿ ಗೆದ್ದು, 2021ರಲ್ಲಿ ಮಿಶಿಗನ್ ಸಿಬ್ಬಂದಿಗೆ ಸೇರಿದರು. ಅವರ ಹಳೆಯ ಶಾಲೆಯ ಸೆಮಾಜ್ ಮಾರ್ಗನ್ 2023ರಲ್ಲಿ ಮಿಶಿಗನ್ ಸೇರಿದ ಸಾಲಿನಲ್ಲಿದ್ದಾರೆ. ಸ್ಥಳೀಯನಾಗಲು ಅಲ್ಲಿಯೇ ಹುಟ್ಟಬೇಕಿಲ್ಲ, ಬಹುಕಾಲ ಅಲ್ಲಿದ್ದು ದುಡಿದರೂ ಆದೀತು ಎಂಬುದಕ್ಕೆ ಬೆಲ್ಲಮಿ ಸಾಕ್ಷಿ. ಹೈಸ್ಕೂಲು ಕೋಚ್‌ಗಳು ತಮ್ಮ ಹುಡುಗರ ಮಟ್ಟಿಗೆ ಕಾವಲುಗಾರರಿದ್ದಂತೆ. ತಮ್ಮ ಶಾಲೆಯ ಯಾವ ಹುಡುಗನೂ ದೊಡ್ಡ ಆಟಗಾರನಲ್ಲದ ವರ್ಷವೂ ಬಂದು ಮಾತನಾಡಿಸಿ ಹೋದವನನ್ನು ಅವರು ಮರೆಯುವುದಿಲ್ಲ.

ಆಟಗಾರರಿಗೆ ಹಣ ಸಿಗುತ್ತಿರುವ ಈ ಕಾಲದಲ್ಲಿ ಊರಿನ ನಂಟಿಗೆ ಬೆಲೆ ಉಳಿದಿದೆಯೇ?

ಕಡಿಮೆಯಾಗಿದೆ, ಇಲ್ಲವಾಗಿಲ್ಲ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದೆಂದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಹೌಸ್ ಎಂಬ ಪ್ರಕರಣದ, ಮೇಲೆ ಹೇಳಿದ ಅದೇ ರಾಜಿಯಂತೆ ವಿಶ್ವವಿದ್ಯಾಲಯಗಳೇ ನೇರವಾಗಿ ಪಾಲು ಕೊಡಬಹುದಾಗಿದ್ದು, ಮೊದಲ ವರ್ಷ ಒಂದು ವಿಶ್ವವಿದ್ಯಾಲಯದ ಎಲ್ಲ ಕ್ರೀಡೆಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿಯಿತ್ತು. ವರ್ಗಾವಣೆ ಬಯಸುವ ಆಟಗಾರರ ಹೆಸರು ದಾಖಲಾಗುವ, 2018ರಲ್ಲಿ ಆರಂಭವಾದ ಪೋರ್ಟಲ್‌ನಿಂದ ಆಟಗಾರರು ತಂಡ ಬದಲಿಸುವುದೂ ಸುಲಭವಾಗಿದೆ. ಎರಡು ಕಡೆಯ ಮೊತ್ತದಲ್ಲಿ ಬಹಳ ಅಂತರವಿದ್ದರೆ ಊರಿನ ತಾರೆಯ ಮಾತು ನಿಲ್ಲುವುದು ಕಷ್ಟ. ಮೊತ್ತ ಸಮೀಪವಿದ್ದಾಗ ಮಾತ್ರ ಅದು ತಕ್ಕಡಿಯನ್ನು ವಾಲಿಸಬಲ್ಲದು. ಇನ್ನೊಂದು ಬಗೆಯಲ್ಲೂ ಅದು ಕೆಲಸಕ್ಕೆ ಬರುತ್ತಿದೆ: ಹೈಸ್ಕೂಲಿನಿಂದ ದೂರದ ಊರಿಗೆ ಹೋಗಿ ಅಲ್ಲಿ ಒಗ್ಗದೆ ಪೋರ್ಟಲ್‌ಗೆ ಇಳಿಯುವ ಹುಡುಗನು ಮೊದಲು ನೆನೆಯುವುದು ಮನೆಯ ಹತ್ತಿರದ ತಂಡವನ್ನು, ಅಲ್ಲಿ ತನ್ನನ್ನು ಬೈಯದೆ ಬೀಳ್ಕೊಟ್ಟ ಕೋಚ್‌ನನ್ನು.

ಮುಖ್ಯ ಕೋಚ್ ಬದಲಾದರೆ ಈ ತಾರೆಯರ ಗತಿ ಏನು?

ಸಾಮಾನ್ಯವಾಗಿ ಅವರೂ ಹೋಗುತ್ತಾರೆ. ಲೂಸಿಯಾನದ ಕ್ಯಾರೆನ್‌ಕ್ರೋ ಊರಿನ ಕೆವಿನ್ ಫಾಕ್ ಎಲ್‌ಎಸ್‌ಯು ಇತಿಹಾಸದಲ್ಲೇ ಅತಿ ಹೆಚ್ಚು ಗಜ ಓಡಿದವರು. 2018ರಲ್ಲಿ ಮರಳಿ ಬಂದು 2020ರಲ್ಲಿ ರನ್ನಿಂಗ್ ಬ್ಯಾಕ್‌ಗಳ ಕೋಚ್ ಆದರೂ, 2021ರ ಋತುವಿನ ನಂತರ ಮುಖ್ಯ ಕೋಚ್ ಬದಲಾದಾಗ ಆ ಹುದ್ದೆ ಉಳಿಯಲಿಲ್ಲ. ಇದಕ್ಕೆ ಅಪವಾದ ಫ್ಲೋರಿಡಾ ಸ್ಟೇಟ್‌ನ ಮಾಜಿ ಆಟಗಾರ ಒಡೆಲ್ ಹ್ಯಾಗಿನ್ಸ್. 1994ರಲ್ಲಿ ಸಿಬ್ಬಂದಿಗೆ ಸೇರಿದ ಅವರನ್ನು ಒಬ್ಬರಾದ ಮೇಲೊಬ್ಬರು ಬಂದ ಮುಖ್ಯ ಕೋಚ್‌ಗಳು ಉಳಿಸಿಕೊಂಡರು, 2017 ಮತ್ತು 2019ರಲ್ಲಿ ತಂಡ ಅನಾಥವಾದಾಗ ಹಂಗಾಮಿಯಾಗಿ ನಡೆಸಿದವರೂ ಅವರೇ.

ಅಮೆರಿಕದಲ್ಲಿರುವ ನಮ್ಮ ಕನ್ನಡ ಕುಟುಂಬದ ಹುಡುಗ ಹೈಸ್ಕೂಲಿನಲ್ಲಿ ಆಡುತ್ತಿದ್ದಾನೆ. ದೊಡ್ಡ ಹೆಸರಿನ ಕೋಚ್ ಬಂದರೆ ನಾವು ಏನು ಕೇಳಬೇಕು?

ಮೊದಲು, ಬಂದವರ ಹುದ್ದೆ ಯಾವುದು, ಮಗನಿಗೆ ದಿನವೂ ಆಟ ಕಲಿಸುವವರು ಅವರೇನಾ ಎಂದು ಕೇಳಿರಿ. ಅವರ ಕೈಕೆಳಗೆ ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಬಂದ ಹುಡುಗರಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರು, ಎಷ್ಟು ಮಂದಿ ಪೋರ್ಟಲ್‌ಗೆ ಹೋದರು ಎಂದು ಕೇಳಲು ಸಂಕೋಚ ಬೇಡ. ಆ ಕೋಚ್ ನಾಳೆ ಬೇರೆಡೆಗೆ ಹೋದರೂ ಮಗ ಆ ಕಾಲೇಜಿನಲ್ಲಿ ನೆಮ್ಮದಿಯಾಗಿ ಓದಬಲ್ಲನೇ ಎಂಬುದನ್ನು ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿ. ವಿಶ್ವವಿದ್ಯಾಲಯವೇ ಖರ್ಚು ಭರಿಸುವ ಅಧಿಕೃತ ಭೇಟಿ ಮತ್ತು ಕುಟುಂಬವೇ ಖರ್ಚು ಮಾಡಿ ಹೋಗುವ ಅನಧಿಕೃತ ಭೇಟಿ ಬೇರೆ ಬೇರೆ. ಸಾಧ್ಯವಾದರೆ ಎರಡನ್ನೂ ಮಾಡಿ, ಮತ್ತು ಈಗ ಅಲ್ಲಿ ಆಡುತ್ತಿರುವ ಹುಡುಗರೊಡನೆ ಕೋಚ್ ಇಲ್ಲದ ಹೊತ್ತಿನಲ್ಲಿ ಮಾತನಾಡಲು ಮಗನಿಗೆ ಹೇಳಿ.

ಓದಿನ ಲೆಕ್ಕವನ್ನೂ ಒಂಬತ್ತನೇ ತರಗತಿಯಿಂದಲೇ ಇಟ್ಟುಕೊಳ್ಳಬೇಕು. ಕಾಲೇಜು ಕ್ರೀಡೆಯ ಅಗ್ರ ವಿಭಾಗವಾದ ಒಂದನೇ ವಿಭಾಗದಲ್ಲಿ ಮೊದಲ ವರ್ಷವೇ ಆಡಲು ಎನ್‌ಸಿಎಎ ಒಪ್ಪುವ 16 ಮುಖ್ಯ ವಿಷಯಗಳನ್ನು ಮುಗಿಸಿ, ಅವುಗಳಲ್ಲಿ 4.0ರ ಅಳತೆಯಲ್ಲಿ ಕನಿಷ್ಠ 2.3 ಸರಾಸರಿ ಪಡೆದಿರಬೇಕು. ಹಳೆಯ ರಾಷ್ಟ್ರೀಯ ಒಪ್ಪಿಗೆ ಪತ್ರದ ಪದ್ಧತಿಯನ್ನು 2024ರ ಅಕ್ಟೋಬರ್‌ನಲ್ಲಿ ಕೈಬಿಡಲಾಗಿದ್ದು, ಈಗ ಸಹಿ ಹಾಕುವುದು ಆರ್ಥಿಕ ನೆರವಿನ ಒಪ್ಪಂದಕ್ಕೆ. ಅದರ ಜೊತೆಗೆ ಹಣದ ಬೇರೆ ಒಪ್ಪಂದಗಳೂ ಬಂದರೆ ಪ್ರತಿಯೊಂದು ಕಾಗದವನ್ನೂ ವಕೀಲರಿಗೆ ತೋರಿಸಿಯೇ ಮಗನಿಂದ ಸಹಿ ಹಾಕಿಸಿ.